ಕರಡಿ ಬರುತ್ತಿದೆ, ದಾರಿ ಬಿಡಿ

ಹುಬ್ಬಳ್ಳಿ-ಧಾರವಾಡದವರಿಗೆ ಚಿಗರಿ, ಅಂದರೆ ಜಿಂಕೆ, ಎಂಬ ಹೆಸರಿನ ಬಸ್ಸು ಸಿಕ್ಕಿ ವರ್ಷಗಳೇ ಕಳೆದವು. 2018ರಲ್ಲಿ ಓಡಾಟ ಶುರುಮಾಡಿದ ಆ ಬಸ್ಸುಗಳಿಗೆ ಎರಡು ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದದ ಸ್ವಂತ ಪಥವಿದೆ, ರಸ್ತೆಯ ನಟ್ಟನಡುವೆ ನಿಲ್ದಾಣಗಳಿವೆ, ಬಸ್ಸು ಬರುವ ಮೊದಲೇ ಟಿಕೆಟ್ ಕೊಡುವ ಕೌಂಟರುಗಳಿವೆ. ಬಳ್ಳಾರಿಯವರಾದ ನಾವು ಇದನ್ನು ನೋಡಿಕೊಂಡು ಇನ್ನೆಷ್ಟು ದಿನ ಸುಮ್ಮನಿರಬೇಕು? ಬಳ್ಳಾರಿಯಿಂದ ಕುಡತಿನಿ ಮಾರ್ಗವಾಗಿ ತೋರಣಗಲ್ಲಿಗೆ ಹೋಗುವ ಉಪನಗರ ಬಸ್ ಸೇವೆಗೂ ಹೊಸದೊಂದು ಹೆಸರು, ಹೊಸದೊಂದು ಬಣ್ಣ ಮತ್ತು ತ್ವರಿತ ಸಾರಿಗೆಯ ಪಥವೊಂದನ್ನು ದಯಪಾಲಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸಿಕೊಳ್ಳುತ್ತೇನೆ. ಕೆಲಸವನ್ನು ಇದೇ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಇನ್ನೊಂದು ವಿನಂತಿ. ರಸ್ತೆ ಒಣಗುವುದಕ್ಕಿಂತ ಬಣ್ಣ ಬೇಗ ಒಣಗುತ್ತದೆ.

ಹೆಸರು ಬದಲಾಯಿಸಿಕೊಳ್ಳುವ ವಿಷಯದಲ್ಲಿ ನಮ್ಮ ಸೀಮೆಗಿರುವ ಅನುಭವ ಬೇರೆ ಯಾವ ಸೀಮೆಗೂ ಇರಲಾರದು. 1800ರಲ್ಲಿ ನಿಜಾಮರು ನಮ್ಮನ್ನು ಕಂಪನಿಗೆ ಬಿಟ್ಟುಕೊಟ್ಟಾಗ ದತ್ತ ಮಂಡಲದವರಾದೆವು. ಮದ್ರಾಸಿನವರಾಗಿದ್ದು 1953ರಲ್ಲಿ ಮೈಸೂರಿಗೆ ಸೇರಿದೆವು. ಅಷ್ಟರಲ್ಲಿ ನಿಜಾಮರ ಕೈತಪ್ಪಿ ಒಂದೂವರೆ ಶತಮಾನವೇ ಕಳೆದಿದ್ದರೂ ಮುಂದೆ ಹೈದರಾಬಾದ್ ಕರ್ನಾಟಕದ ಲೆಕ್ಕಕ್ಕೆ ಬಂದೆವು. 2019ರಲ್ಲಿ ಒಂದು ಬೆಳಗ್ಗೆ ಎದ್ದು ನೋಡುವಷ್ಟರಲ್ಲಿ ಕಲ್ಯಾಣ ಕರ್ನಾಟಕದವರಾಗಿದ್ದೆವು. ಬಸ್ಸುಗಳು ಹಿಂದೆ ಬಿದ್ದವೆಂದು ಯಾರೂ ಹೇಳುವಂತಿಲ್ಲ. 2000ದಲ್ಲಿ ಈಶಾನ್ಯವಾಗಿ ಹುಟ್ಟಿದ ಸಾರಿಗೆ ನಿಗಮ 2021ರಲ್ಲಿ ಕಲ್ಯಾಣವಾಯಿತು. ಕಲ್ಯಾಣ ಕರ್ನಾಟಕಕ್ಕೆಂದು ಸಂವಿಧಾನದ 371 ಜೆ ವಿಧಿ ಕೊಟ್ಟಿರುವ ಸವಲತ್ತು ಕೇಳಲು ಹೋದರೆ ಕಲ್ಯಾಣದವರಲ್ಲ ಎನಿಸಿಕೊಳ್ಳುವ ವಿಜಯಪುರದವರು ಕೂಡ ಈ ನಿಗಮದ ಬಸ್ಸಿನೊಳಗೆ ಕುಳಿತಿರುವಷ್ಟು ಹೊತ್ತು ಕಲ್ಯಾಣದವರೇ ಆಗಿರುತ್ತಾರೆ. ಹಳೆಯ ಬಸ್ಸಿನ ಪಕ್ಕದಲ್ಲಿ ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ, ಹೊಸ ಬಣ್ಣದ ‘ಕಲ್ಯಾಣ’ದ ಅಡಿಯಿಂದ ‘ಈಶಾನ್ಯ’ದ ದೀರ್ಘ, ಒತ್ತುಗಳು ಉಬ್ಬಿಕೊಂಡು ಕಾಣುತ್ತವೆ. ಕಿಟಕಿಯ ಸರಳು, ಹರಿದ ಸೀಟು, ಗೇರು ಬದಲಿಸುವಾಗ ಏಳುವ ನರಳಿಕೆ ಮಾತ್ರ ಎರಡೂ ಆಡಳಿತಗಳಿಗೆ ನಿಷ್ಠವಾಗಿ ಉಳಿದುಕೊಂಡಿವೆ.

ಇನ್ನು ಸೇವೆಗೆ ಇಡಬೇಕಾದ ಹೆಸರು. ಸಾರಿಗೆ ನಿಗಮಗಳ ಉಗ್ರಾಣದಲ್ಲಿ ಐರಾವತ, ಅಂಬಾರಿ, ರಾಜಹಂಸ, ಪಲ್ಲಕ್ಕಿ, ಅಶ್ವಮೇಧ ಈಗಾಗಲೇ ಖರ್ಚಾಗಿವೆ. ನಮ್ಮ ನಿಗಮದವರೇ ಕಲ್ಯಾಣ ರಥವನ್ನು ಎಳೆದಿದ್ದಾರೆ, ರಾಷ್ಟ್ರಕೂಟರ ಅಮೋಘವರ್ಷನನ್ನು ಸ್ಲೀಪರ್ ಬಸ್ಸಿನಲ್ಲಿ ಮಲಗಿಸಿದ್ದಾರೆ. ದೇವೇಂದ್ರನ ಆನೆಯಿಂದ ಹಿಡಿದು ಚಕ್ರವರ್ತಿಯ ಯಾಗದ ಕುದುರೆಯವರೆಗೆ ಎಲ್ಲವೂ ಬೆಂಗಳೂರಿನ ದಾರಿ ಹಿಡಿದ ಮೇಲೆ, ಕುರುಗೋಡಿಗೆ ಮೆಣಸಿನಕಾಯಿ ಚೀಲ ಹೊತ್ತು ಹೋಗುವವನ ಪಾಲಿಗೆ ಉಳಿದಿರುವುದು ವೇಗದೂತ ಎಂಬ ಹಳೆಯ ಹೆಸರೊಂದೇ. ಆ ದೂತ ಎಲ್ಲಿ ತಲುಪಿದ್ದಾನೆಂದು ಡಿಪೋದವರನ್ನೇ ಕೇಳಬೇಕು.

ಆದ್ದರಿಂದ ನನ್ನ ಸೂಚನೆ: ನಮ್ಮ ಬಸ್ಸಿಗೆ ‘ಕರಡಿ’ ಎಂದು ಹೆಸರಿಡಿ. ಹುಬ್ಬಳ್ಳಿಯವರಿಗೆ ಚಿಗರಿ ಇರಬಹುದು, ನಮ್ಮ ಪಕ್ಕದಲ್ಲೇ 1994ರಿಂದ ದರೋಜಿ ಕರಡಿಧಾಮವಿದೆ. ಅಲ್ಲಿಯ ಕರಡಿಗಳು ಬಿಸಿಲೇರಿದ ಮೇಲೆ ಬಂಡೆಗಳ ಸಂದಿ ಬಿಟ್ಟು ಕದಲುವುದಿಲ್ಲ; ಇಳಿಹೊತ್ತಿನಲ್ಲಿ, ಅದೂ ಸಿಬ್ಬಂದಿ ಬಂಡೆಗೆ ಬೆಲ್ಲ ಬಳಿದು ಬಂದ ಮೇಲೆ, ಮನಸ್ಸಾದರೆ ಇಳಿದು ಬರುತ್ತವೆ. ವೀಕ್ಷಣಾ ಗೋಪುರದಲ್ಲಿ ಜನ ಮಕ್ಕಳುಮರಿ ಕಟ್ಟಿಕೊಂಡು, ಮಾತಾಡದೆ, ದಿಗಂತದ ಕಡೆಗೇ ಕಣ್ಣಿಟ್ಟು ಕಾಯುತ್ತಾರೆ. ಮೊದಲು ಒಂದು ಕಾಣುತ್ತದೆ. ಅದರ ಹಿಂದೆಯೇ ಎರಡು, ಮೂರು ಒಟ್ಟಿಗೆ ಬರುತ್ತವೆ. ಆಮೇಲೆ ಕತ್ತಲಾಗುವವರೆಗೆ ಒಂದೂ ಇಲ್ಲ. ನಮ್ಮ ಉಪನಗರ ಸಾರಿಗೆಯ ವೇಳಾಪಟ್ಟಿಯನ್ನು ಇದಕ್ಕಿಂತ ನಿಖರವಾಗಿ ಬರೆಯುವುದು ಯಾರಿಂದಲೂ ಸಾಧ್ಯವಿಲ್ಲ. ಹಳ್ಳಿಯ ನಿಲ್ದಾಣವೊಂದರಲ್ಲಿ ಮುದುಕಿಯೊಬ್ಬಳು, ‘ಯಣ್ಣಾ, ಬಸ್ಸು ಎಷ್ಟೊತ್ತಿಗೆ ಬರ್ತೈತೆ?’ ಎಂದು ಕೇಳಿದರೆ, ‘ಬರ್ತೈತೆ ಕುಂದ್ರಮ್ಮ’ ಎಂದು ಪಕ್ಕದ ಚಹಾದಂಗಡಿಯವನು ಹೇಳುತ್ತಾನೆ. ಆ ಉತ್ತರದಲ್ಲಿ ಸುಳ್ಳೆಂಬುದು ಎಳ್ಳಷ್ಟೂ ಇಲ್ಲ.

ಬಣ್ಣದ ವಿಚಾರಕ್ಕೆ ಹೆಚ್ಚು ಚರ್ಚೆ ಬೇಕಾಗಿಲ್ಲ. ಹಸಿರು, ನೀಲಿ, ಬಿಳಿ, ಯಾವುದನ್ನಾದರೂ ಬಳಿಯಲಿ. ಅದಿರಿನ ಲಾರಿಗಳ ಹಿಂದೆ ತೋರಣಗಲ್ಲಿಗೆ ನಾಲ್ಕು ಸಲ ಹೋಗಿಬಂದ ಮೇಲೆ ಎಲ್ಲ ಬಸ್ಸುಗಳೂ ಒಂದೇ ಕೆಂಪಿಗೆ ತಿರುಗುತ್ತವೆ. ಸೀಟು ಹಿಡಿಯಲು ಕಿಟಕಿಯಿಂದ ಎಸೆದ ಬಿಳಿ ಟವೆಲ್ಲು ಸಹ ಇಳಿಯುವ ಹೊತ್ತಿಗೆ ಅದೇ ಬಣ್ಣ ತಾಳಿರುತ್ತದೆ. ಬ್ರ್ಯಾಂಡಿನ ಏಕರೂಪತೆಗಾಗಿ ದೊಡ್ಡ ನಗರಗಳು ಕೋಟಿಗಳನ್ನು ಸುರಿಯುತ್ತವೆ. ನಮಗೆ ಅದು ಸೊಂಡೂರು ಗುಡ್ಡದಿಂದ ಪುಕ್ಕಟೆಯಾಗಿ ಸರಬರಾಜಾಗುತ್ತದೆ.

ಪಥದ ವಿಷಯ ತುಸು ಗಂಭೀರವಾದದ್ದು. ಬ್ರೆಜಿಲಿನ ಕುರಿಟಿಬಾದಲ್ಲಿ 1974ರಲ್ಲಿ ಬಸ್ಸಿಗೆಂದೇ ದಾರಿ ಬಿಟ್ಟುಕೊಟ್ಟರು. ಕೊಲಂಬಿಯಾದ ಬೊಗೊಟಾದವರು 2000ದಲ್ಲಿ ಅದನ್ನೇ ದೊಡ್ಡದಾಗಿ ಮಾಡಿ, ಗಂಟೆಗೆ ಒಂದೇ ದಿಕ್ಕಿನಲ್ಲಿ 40,000ಕ್ಕೂ ಹೆಚ್ಚು ಜನರನ್ನು ಸಾಗಿಸಿ ತೋರಿಸಿದರು. ಅಲ್ಲಿಯ ಗುಟ್ಟು ಕಾಂಕ್ರೀಟಿನಲ್ಲಿಲ್ಲ, ಒಂದರ ಹಿಂದೊಂದು ಬರುವ ಬಸ್ಸುಗಳಲ್ಲಿದೆ. ಬಸ್ಸುಗಳು ವಿರಳವಾದರೆ ಪಥ ಬಣಬಣ ಎನ್ನುತ್ತದೆ. ಪಕ್ಕದಲ್ಲಿ ಸಿಕ್ಕಿಬಿದ್ದ ಕಾರಿನವನು ಆ ಖಾಲಿ ದಾರಿಯನ್ನು ನೋಡಿ ಹಲ್ಲು ಕಡಿಯುತ್ತಾನೆ. ದೆಹಲಿಯಲ್ಲಿ ಆದದ್ದೂ ಬಹುಮಟ್ಟಿಗೆ ಇದೇ: ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿಲೋಮೀಟರ್ ಪಥವನ್ನು 2008ರಲ್ಲಿ ತೆರೆದು, 2016ರಲ್ಲಿ ಕಿತ್ತುಹಾಕಲು ಶುರುಮಾಡಿದರು. ಕಟ್ಟುವುದಕ್ಕೊಂದು ಟೆಂಡರ್, ಕೆಡವುವುದಕ್ಕೊಂದು ಟೆಂಡರ್. ಇಂಥ ಯೋಜನೆಯನ್ನು ವಿಫಲವೆಂದು ಕರೆಯುವವರಿಗೆ ಗುತ್ತಿಗೆಯ ಲೆಕ್ಕ ಗೊತ್ತಿಲ್ಲವೆಂದೇ ಅರ್ಥ.

ಬಳ್ಳಾರಿಯಲ್ಲಿ ಪಥ ಖಾಲಿ ಬಿದ್ದಿರುವ ಭಯವಂತೂ ಇಲ್ಲ. ರಾಯಲ್ ವೃತ್ತದಿಂದ ಹೊರಟ ಮೊದಲ ದಿನವೇ ಟಂಟಂ ಆಟೊಗಳು ಅದರೊಳಗೆ ನುಗ್ಗುತ್ತವೆ; ಎದುರು ದಿಕ್ಕಿನಿಂದ ಬೈಕುಗಳು ಬರುತ್ತವೆ; ಊರು ದಾಟಿದ ಮೇಲೆ ಇಷ್ಟು ನುಣುಪಾದ ನೆಲ ಮತ್ತೆ ಸಿಗದೆಂದು ರೈತರು ಭತ್ತ ಒಣಹಾಕುತ್ತಾರೆ; ನಿಲ್ದಾಣದ ಕಂಬಗಳಿಗೆ ಹುಟ್ಟುಹಬ್ಬದ ಫ್ಲೆಕ್ಸುಗಳು ಅಧಿಸೂಚನೆಗೂ ಮೊದಲೇ ಏರಿರುತ್ತವೆ. ಇಷ್ಟೆಲ್ಲದರ ನಡುವೆ ಬಸ್ಸು ಮಾತ್ರ, ತನಗೆ ಮೀಸಲಾದ ದಾರಿಯಲ್ಲಿ ಜಾಗ ಸಿಗದೆ, ಎಂದಿನಂತೆ ಬದಿಯ ರಸ್ತೆಯಲ್ಲಿ ಗುಂಡಿ ತಪ್ಪಿಸಿಕೊಂಡು ಹೋಗುತ್ತಿರುತ್ತದೆ. ಹೊಸಪೇಟೆ ಹೆದ್ದಾರಿಯ ಚತುಷ್ಪಥ ಕಾಮಗಾರಿ ವರ್ಷಗಟ್ಟಲೆ ತೆವಳಿದ್ದನ್ನು ಕಂಡವರಿಗೆ ಈ ಪಥ ಯಾವಾಗ ಮುಗಿಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ತೀರಾ ಅವಸರವಿದ್ದವರು ನಡೆಯಬಹುದು. 2010ರಲ್ಲಿ ನಾಯಕರು ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿ, ಬಸ್ಸಿಲ್ಲದೆಯೂ ಈ ಊರಿಗೆ ಬರಬಹುದೆಂದು ಸಾಬೀತುಪಡಿಸಿದ್ದಾರೆ. ಹಾಗೆ ನಡೆದವರಿಗೆ ಮುಂದೆ ಅಧಿಕಾರವೂ ಸಿಕ್ಕಿದೆ.

ಸಮೀಕ್ಷೆ ಬೇಕೇಬೇಕು. ಯಾವ ನಿಲ್ದಾಣದಲ್ಲಿ ಎಷ್ಟು ಜನ ಹತ್ತಿದರು, ಎಲ್ಲಿ ಇಳಿದರು ಎಂಬುದು ಕಂಡಕ್ಟರರ ಕೈಯಲ್ಲಿರುವ ಟಿಕೆಟ್ ಯಂತ್ರದಲ್ಲೇ ದಾಖಲಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಶೂನ್ಯ ಟಿಕೆಟ್ ಪಡೆದ ಹೆಣ್ಣುಮಕ್ಕಳ ಲೆಕ್ಕವೂ ಅದರೊಳಗಿದೆ. ಜೀನ್ಸ್ ಹೊಲಿಗೆಯ ಘಟಕಗಳಿಗೆ ಬೆಳಗ್ಗೆ ಬಂದು ರಾತ್ರಿ ಮರಳುವ ಆ ಹೆಂಗಸರು ಫುಟ್‌ಬೋರ್ಡಿನ ಮೇಲೆ ನಿಂತೇ ಬೇಡಿಕೆಯ ಅಂದಾಜನ್ನು ದಿನಕ್ಕೆ ಎರಡು ಬಾರಿ ಸಲ್ಲಿಸುತ್ತಿದ್ದಾರೆ. ಆದರೆ ಯಂತ್ರದಿಂದ ಹೊರಬರುವ ಅಂಗುಲದಗಲದ ಕಾಗದವನ್ನು ವರದಿಯೆಂದು ಒಪ್ಪಿಕೊಳ್ಳಲಾಗುವುದಿಲ್ಲ. ಅದನ್ನೇ ಸಲಹೆಗಾರರು ಹೊಳೆಯುವ ಹಾಳೆಯಲ್ಲಿ ಮುದ್ರಿಸಿ, ಮುಖಪುಟದಲ್ಲಿ ಮರಗಿಡಗಳ ನಡುವೆ ಸೂಟು ಧರಿಸಿ ಬಸ್ಸಿಗೆ ಕಾಯುತ್ತಿರುವ ಕುಡತಿನಿಯ ನಾಗರಿಕನ ಚಿತ್ರ ಹಾಕಿ ಕೊಡಬೇಕು. ಅಧಿಕಾರಿಗಳ ತಂಡವೊಂದು ಬೊಗೊಟಾಕ್ಕೆ ಹೋಗಿ ಬರುವುದೂ ಅನಿವಾರ್ಯ. ಕುರುಗೋಡಿಗೆ ಹೋಗಿ ನೋಡಿ ಬರಲು ಬಸ್ಸಿನ ಅನುಕೂಲ ಅಷ್ಟಕ್ಕಷ್ಟೇ.

ಉಳಿದಿರುವುದು ಉದ್ಘಾಟನೆ. ಕರಡಿ ಬಸ್ಸಿಗೆ ಹಸಿರು ನಿಶಾನೆ ತೋರಿಸುವಾಗ ಮೈದಾನ ಭಣಗುಟ್ಟಿದರೆ ಊರಿನ ಮಾನ ಹೋಗುತ್ತದೆ. ಆದುದರಿಂದ ವಾಡಿಕೆಯಂತೆ ಮೋಕಾ, ರೂಪನಗುಡಿ, ಸಿರುಗುಪ್ಪ, ಕಂಪ್ಲಿ ಕಡೆಯ ಬಸ್ಸುಗಳನ್ನೆಲ್ಲ ಅಂದು ಒಪ್ಪಂದದ ಮೇಲೆ ಪಡೆದು, ಮುಂದಿನ ಗಾಜಿಗೆ ಬ್ಯಾನರ್ ಕಟ್ಟಿ, ಜನರನ್ನು ಕರೆತರಬೇಕು. ಆ ದಿನ ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ ಹೊರಟವರು ದಯವಿಟ್ಟು ಹೊಂದಿಕೊಳ್ಳಬೇಕು. ಅಥವಾ ಸಮಾರಂಭಕ್ಕೆ ಹೊರಟ ಬಸ್ಸನ್ನೇ ಹತ್ತಿಬಿಡಬೇಕು: ಬಳ್ಳಾರಿಗೆ ಬಂದಂತೆಯೂ ಆಗುತ್ತದೆ, ಗಂಡಸರಿಗೂ ಟಿಕೆಟ್ ಇರುವುದಿಲ್ಲ, ಮಧ್ಯಾಹ್ನಕ್ಕೆ ಪಲಾವಿನ ಪೊಟ್ಟಣವೂ ಸಿಗುತ್ತದೆ.