ಕಾಗದ ನೋಡಿದ್ರಿ ಸರಿ, ಮನೆ ಯಾರು ನೋಡಿದ್ರು?

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ಆಪ್ತರೊಬ್ಬರು ಹಳೇ ಮನೆ ಕೊಳ್ಳುತ್ತಿದ್ದಾರೆ. ಕಟ್ಟಿ 40 ವರ್ಷ ದಾಟಿದ ಮನೆ. ಫೈಲು ಬಿಚ್ಚಿ ಒಂದೊಂದೇ ಕಾಗದ ತೋರಿಸಿದರು. ಅವರ ವಕೀಲರು ಜಾಗದ ಮೂಲ ಹುಡುಕುತ್ತಾ ಎಷ್ಟೋ ಹಿಂದಿನ ಕ್ರಯಪತ್ರದವರೆಗೆ ಹೋಗಿದ್ದಾರೆ. ಒಂದು ಕಡೆ ಸಹಿ ಮಸುಕಾಗಿದೆ ಅಂತ ಅದಕ್ಕೂ ಬೇರೆ ಹೇಳಿಕೆ ಬರೆಸಿಕೊಂಡಿದ್ದಾರೆ. ಬಹಳ ಒಳ್ಳೆಯ ಕೆಲಸ. ಎಲ್ಲ ನೋಡಿದ ಮೇಲೆ ನಾನು ಕೇಳಿದ್ದು ಒಂದೇ ಮಾತು: "ಕಟ್ಟಡ ಯಾರು ನೋಡಿದರು?"

"ನಾವೇ ನೋಡಿದ್ವಲ್ಲ. ಗಟ್ಟಿಯಾಗಿದೆ. ಈಗಷ್ಟೇ ಬಣ್ಣ ಹೊಡೆಸಿದ್ದಾರೆ."

ನನ್ನ ಕೆಲಸ ಏನು ಅಂತ ಗೊತ್ತಿರುವ ನಿಮಗೆಲ್ಲ ನನಗೆ ಯಾಕೆ ಸಿಟ್ಟು ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ಹಳೇ ಕಟ್ಟಡಗಳ ರಿಪೇರಿಯಲ್ಲೇ ನನ್ನ ದಿನ ಕಳೆಯುತ್ತದೆ. ಜನ ನನ್ನನ್ನು ಕರೆಯುವುದು ಮನೆ ಕೊಂಡ ಮೇಲೆ. ದುಡ್ಡು ಕೊಟ್ಟು, ಸಾಮಾನು ಸಾಗಿಸಿ, ಮೊದಲ ಮಳೆಗಾಲ ಕಳೆದ ಮೇಲೆ. ಆಗ ನಾನು ಹೇಳಬಹುದಾದದ್ದು ಎಷ್ಟು ಖರ್ಚಾಗುತ್ತದೆ ಅನ್ನುವುದು ಮಾತ್ರ. ಅದೇ ಮಾತನ್ನು ಅಡ್ವಾನ್ಸ್ ಕೊಡುವ ಮುಂಚೆ ಕೇಳಿದ್ದರೆ ಅವರಿಗೆ ದಾರಿಗಳಿದ್ದವು. ಬೆಲೆ ಇಳಿಸಿ ಅನ್ನಬಹುದಿತ್ತು. ರಿಪೇರಿ ಮಾಡಿಸಿ ಕೊಡಿ ಅನ್ನಬಹುದಿತ್ತು. ಬೇಡ ಅಂತ ಎದ್ದು ಬರಬಹುದಿತ್ತು. ಸಹಿ ಹಾಕಿದ ಮರುದಿನ ಇದು ಯಾವುದೂ ಉಳಿದಿರುವುದಿಲ್ಲ. ಹಳೇ ಮನೆ ಕೊಳ್ಳುವ ಮುಂಚೆ ಕಟ್ಟಡದ ಸಮೀಕ್ಷೆ ಮಾಡಿಸಿ, ವರದಿ ಬರೆಸಿಕೊಳ್ಳಿ ಅನ್ನುವುದೇ ನನ್ನ ಮಾತು.

ಹೊಸ ಬಣ್ಣ ಅಂದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಮಾರುವವರು ಮೋಸಗಾರರು ಅಂತ ಹೇಳುತ್ತಿಲ್ಲ. ಮನೆ ಚೆನ್ನಾಗಿ ಕಾಣಲಿ ಅಂತ ಬಣ್ಣ ಹೊಡೆಸುವುದು ಸಹಜ. ಆದರೆ ಗೋಡೆಯ ಬುಡದಲ್ಲಿ ಉಪ್ಪು ಒಡೆದ ಬಿಳಿ ಪುಡಿ, ಸೂರಿನ ಮೂಲೆಯ ಕಂದು ಕಲೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಇವೆಲ್ಲ ಮನೆ ತಾನೇ ಹೇಳಿಕೊಳ್ಳುವ ಮಾತುಗಳು. ಒಂದು ಕೋಟ್ ಪುಟ್ಟಿ, ಎರಡು ಕೋಟ್ ಬಣ್ಣ ಬಿದ್ದರೆ ಆ ಮಾತೆಲ್ಲ ಮುಚ್ಚಿಹೋಗುತ್ತದೆ. ಕೊಳ್ಳುವವರು ಬಂದು ನೋಡಿ "ಎಷ್ಟು ಚೆನ್ನಾಗಿಟ್ಟುಕೊಂಡಿದ್ದಾರೆ" ಅನ್ನುತ್ತಾರೆ.

ಒಂದು ಸೂರಿನ ಕಥೆ ಹೇಳುತ್ತೇನೆ. ಬಚ್ಚಲಿನ ಹೊರಗಿನ ಓಣಿ, ಮೇಲೆ ಕಾಂಕ್ರೀಟ್ ಮೋಲ್ಡ್. ಬಣ್ಣ ಹಾಲಿನಂತೆ ಬಿಳುಪು. ಏಣಿ ಹತ್ತಿ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಟಣ್, ಟಣ್. ಗಟ್ಟಿ ಕಾಂಕ್ರೀಟಿನ ಸದ್ದು. ಗೋಡೆಗೆ ಒಂದು ಮೊಳ ದೂರದಲ್ಲಿ ಸದ್ದು ಬದಲಾಯಿತು. ಡಬ್, ಡಬ್. ಅಲ್ಲಿ ಉಳಿ ಇಟ್ಟು ಮೆಲ್ಲಗೆ ಒಂದು ಏಟು ಕೊಟ್ಟದ್ದೇ ತಡ, ಅಂಗೈ ಅಗಲದ ಗಾರೆ ಬಣ್ಣದ ಸಮೇತ ಕಳಚಿ ಬಿತ್ತು. ಒಳಗಿನ ಕಂಬಿ ಪದರ ಪದರವಾಗಿ ಎದ್ದಿತ್ತು. ಬೆರಳಲ್ಲಿ ಉಜ್ಜಿದರೆ ಪುಡಿ ಉದುರಿತು. ಪಕ್ಕದ ಕಾಂಕ್ರೀಟನ್ನು ಸ್ವಲ್ಪ ಒಡೆದು, ಒಡೆದ ಹೊಸ ಮುಖದ ಮೇಲೆ ಫಿನಾಲ್ಫ್ತಲೀನ್ ಅನ್ನುವ, ಕ್ಷಾರ ತಾಗಿದರೆ ಗುಲಾಬಿಗೆ ತಿರುಗುವ ದ್ರಾವಣ ಸಿಂಪಡಿಸಿದೆ. ಆರೋಗ್ಯವಾಗಿರುವ ಕಾಂಕ್ರೀಟ್ ಆದರೆ ಕ್ಷಣದಲ್ಲಿ ಗಾಢ ಗುಲಾಬಿ ಬಣ್ಣ ಬರಬೇಕು. ಕಂಬಿಯ ಸುತ್ತ ಬಣ್ಣವೇ ಬರಲಿಲ್ಲ. ಕಂಬಿ ದಾಟಿ ಇನ್ನೂ ಒಳಗೆ ಹೋದ ಮೇಲೆ ತೆಳ್ಳಗೆ ಗುಲಾಬಿ ಶುರುವಾಯಿತು. ಮನೆಯ ಯಜಮಾನರು ಕೆಳಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಆ ಹೊತ್ತಿನಲ್ಲಿ ಏನು ಹೇಳಬೇಕು ಅಂತ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಅವರ ಜೀವಮಾನದ ಉಳಿತಾಯವೆಲ್ಲ ಆ ಸೂರಿನ ಮೇಲಿತ್ತು.

ಈ ಗುಲಾಬಿ ಬಣ್ಣದ ಹಿಂದಿನ ಸಂಗತಿ ಕೊಳ್ಳುವವರಿಗೆ ಗೊತ್ತಿರಲೇಬೇಕು. ಒಳ್ಳೆಯ ಕಾಂಕ್ರೀಟಿನ ಪಿಎಚ್, ಅಂದರೆ ಕ್ಷಾರದ ಅಳತೆ, 12.5ರಿಂದ 13ರಷ್ಟು ಇರುತ್ತದೆ. ಅಷ್ಟು ಕ್ಷಾರದೊಳಗೆ ಕಂಬಿಯ ಮೇಲೆ ತೆಳುವಾದ ರಕ್ಷಣೆಯ ಪದರ ಇರುತ್ತದೆ, ತುಕ್ಕು ಹಿಡಿಯುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೊರಮೈಯಿಂದ ನಿಧಾನವಾಗಿ ಒಳಗಿಳಿಯುತ್ತಾ ಈ ಕ್ಷಾರವನ್ನು ಕಳೆಯುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿದರೆ ಕಂಬಿಗೆ ಕಾವಲಿಲ್ಲ. ಆಮೇಲೆ ತೇವ ತಾಗಿದರೆ ತುಕ್ಕು ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಕೇಳುತ್ತದೆ. ಆ ಒತ್ತಡಕ್ಕೇ ಕಾಂಕ್ರೀಟ್ ಸೀಳಿ ಉದುರುವುದು.

"ಅಷ್ಟು ವರ್ಷ ನಿಂತಿದೆ, ಇನ್ನೂ ಅಷ್ಟು ವರ್ಷ ನಿಲ್ಲುತ್ತದೆ" ಅಂತ ಕೆಲವರು ವಾದ ಮಾಡುತ್ತಾರೆ. ಹಳೇ ಕಾಲದ ಕೆಲಸವೇ ಗಟ್ಟಿ ಅನ್ನುತ್ತಾರೆ. ಗಟ್ಟಿ ಮನೆಗಳು ಇವೆ, ಒಪ್ಪುತ್ತೇನೆ. ದಪ್ಪ ಗೋಡೆ, ಒಳ್ಳೆಯ ಮರ, ಶ್ರದ್ಧೆಯ ಕೈಕೆಲಸ ನೋಡಿ ನಾನೇ ಸುಮ್ನೆ ನಿಂತುಬಿಟ್ಟಿದ್ದೇನೆ. ಆದರೆ ಈ ವಾದ ನಿಲ್ಲುವುದಿಲ್ಲ. ಕಾಂಕ್ರೀಟಿನೊಳಗೆ ಕ್ಷಾರ ಕಳೆಯುವ ಆಳ ಕಾಲದ ವರ್ಗಮೂಲದ ಲೆಕ್ಕದಲ್ಲಿ ಹೋಗುತ್ತದೆ. ಮೊದಲ 10 ವರ್ಷಕ್ಕೆ 10 ಮಿಲಿಮೀಟರ್ ಇಳಿದಿದ್ದರೆ, 20 ಮಿಲಿಮೀಟರ್ ಇಳಿಯಲು ಒಟ್ಟು 40 ವರ್ಷ ಬೇಕು. ಹಳೇ ಮೋಲ್ಡುಗಳಲ್ಲಿ ಕಂಬಿಯ ಕೆಳಗಿನ ಕಾಂಕ್ರೀಟ್ ಬಹಳ ಕಡೆ 15–20 ಮಿಲಿಮೀಟರ್ ಮಾತ್ರ. ಅಂದರೆ ಇಷ್ಟು ವರ್ಷ ಏನೂ ಆಗದೆ ನಿಂತ ಸೂರಿಗೆ ಕಷ್ಟ ಶುರುವಾಗುವುದು ಈಗಲೇ ಇರಬಹುದು. ನೀವು ಕೊಳ್ಳುತ್ತಿರುವ ವರ್ಷವೇ ಇರಬಹುದು. ನಿಂತಿದೆ ಅನ್ನುವುದು ನಿನ್ನೆಯವರೆಗಿನ ಸುದ್ದಿ. ನೀವು ದುಡ್ಡು ಕೊಡುತ್ತಿರುವುದು ನಾಳೆಗೆ ಅಲ್ವಾ?

ಇದಕ್ಕಿಂತ ನನಗೆ ನೋವಾಗುವ ಮಾತು ಇನ್ನೊಂದಿದೆ. "ಬ್ಯಾಂಕಿನವರು ಬಂದು ನೋಡಿ ಹೋಗಿದ್ದಾರೆ, ಅವರೇ ಸಾಲ ಕೊಡ್ತಿದ್ದಾರೆ." ದಯವಿಟ್ಟು ಕೇಳಿ. ಬ್ಯಾಂಕಿನಿಂದ ಬರುವವರು ಬೆಲೆ ಕಟ್ಟಲು ಬರುತ್ತಾರೆ. ಸಾಲ ವಾಪಸ್ ಬರದಿದ್ದರೆ ಮಾರಿ ವಸೂಲಿ ಆಗುತ್ತದಾ ಅನ್ನುವುದು ಅವರ ಪ್ರಶ್ನೆ. ಅವರು ಏಣಿ ಹತ್ತುವುದಿಲ್ಲ. ಅಟ್ಟದಲ್ಲಿ ತೆವಳುವುದಿಲ್ಲ. ಚರಂಡಿಯ ಮುಚ್ಚಳ ಎತ್ತುವುದಿಲ್ಲ. ಅದು ಅವರ ತಪ್ಪಲ್ಲ, ಅವರ ಕೆಲಸವೇ ಅದಲ್ಲ. ಬ್ರೋಕರ್ ಕರೆದುಕೊಂಡು ಬಂದವರ ಮಾತೂ ಅಷ್ಟೇ. ವ್ಯವಹಾರ ಮುಗಿದರೆ ಯಾರಿಗೆ ಲಾಭವೋ ಅವರ ಕಡೆಯವರಿಂದ ಮನೆ ತೋರಿಸಬೇಡಿ. ನೋಡುವವರನ್ನು ನೀವೇ ಹುಡುಕಿ, ನೀವೇ ದುಡ್ಡು ಕೊಡಿ, ವರದಿ ನಿಮ್ಮ ಹೆಸರಿಗೇ ಬರಲಿ.

ಪರಿಚಯದ ಮೇಸ್ತ್ರಿ ನೋಡಿದ್ದಾರೆ ಅನ್ನುವವರಿಗೂ ಒಂದು ಮಾತು. ಒಳ್ಳೆಯ ಮೇಸ್ತ್ರಿಯ ಕಣ್ಣಿಗೆ ನಾನು ತಲೆಬಾಗುತ್ತೇನೆ. ಬಿರುಕು ಗಾರೆಯದ್ದೋ ಗೋಡೆಯದ್ದೋ ಅಂತ ಅವರು ಕೈಯಿಟ್ಟೇ ಹೇಳಿಬಿಡುತ್ತಾರೆ. ಆದರೆ ಆ ಬಿರುಕು ಇನ್ನೂ ಅಗಲವಾಗುತ್ತಿದೆಯಾ, ಪಾಯ ಒಂದು ಕಡೆ ಕುಸಿದಿದೆಯಾ, ಹಿಂದೆ ಯಾರೋ ಹಾಲ್ ದೊಡ್ಡದು ಮಾಡಲು ಕಿತ್ತುಹಾಕಿದ ಗೋಡೆ ಮೇಲಿನ ಭಾರ ಹೊರುತ್ತಿತ್ತಾ, ಆಮೇಲೆ ಎಬ್ಬಿಸಿದ ಮಹಡಿಯ ಭಾರಕ್ಕೆ ಕೆಳಗಿನ ಪಾಯ ಸಾಲುತ್ತದಾ, ಇವಕ್ಕೆ ಲೆಕ್ಕ ಬೇಕು, ಅಳತೆ ಬೇಕು. ಕಟ್ಟಡದ ರಚನೆ ಓದಿದ ಎಂಜಿನಿಯರ್ ಬೇಕು.

ಅವರೂ ಸುತ್ತಿಗೆ ತಟ್ಟಿ ನಂಬರ್ ಬರೆದುಕೊಟ್ಟರೆ ಸಾಲದು. ರಿಬೌಂಡ್ ಹ್ಯಾಮರ್ ಅಂತ ಒಂದು ಉಪಕರಣ ಇದೆ. ಕಾಂಕ್ರೀಟಿನ ಮೈಗೆ ಒತ್ತಿದರೆ ಒಳಗಿನ ತೂಕ ಬಡಿದು ಎಷ್ಟು ಹಿಂದೆ ಚಿಮ್ಮಿತು ಅಂತ ತೋರಿಸುತ್ತದೆ. ಅದು ಅಳೆಯುವುದು ಮೇಲ್ಮೈಯ ಗಡಸುತನವನ್ನು. ಕ್ಷಾರ ಕಳೆದುಕೊಂಡ ಹಳೇ ಕಾಂಕ್ರೀಟಿನ ಮೇಲ್ಮೈ ಮೊದಲಿಗಿಂತ ಹೆಚ್ಚು ಗಡಸಾಗಿರುತ್ತದೆ. ಹಾಗಾಗಿ ಒಳಗೆ ಕಂಬಿ ತುಕ್ಕು ಹಿಡಿಯುತ್ತಿರುವಾಗಲೇ ನಂಬರ್ ಜಾಸ್ತಿ ಬರಬಹುದು! ಇದನ್ನು ಬಲ್ಲವರು ಕಾಂಕ್ರೀಟಿನೊಳಗೆ ಶಬ್ದ ತರಂಗ ಹಾಯಿಸಿ ನೋಡುವ ಪರೀಕ್ಷೆಯನ್ನೂ ಮಾಡುತ್ತಾರೆ. ಅನುಮಾನ ಇದ್ದಲ್ಲಿ ಸಣ್ಣ ಕೋರ್, ಅಂದರೆ ಕಾಂಕ್ರೀಟಿನ ಉರುಟು ತುಂಡು, ಕೊರೆದು ಲ್ಯಾಬಿಗೆ ಕಳಿಸುತ್ತಾರೆ.

ಮರದ ತೊಲೆ ಇರುವ ಮನೆಯಾದರೆ ತೊಲೆಯ ನಡುಭಾಗ ನೋಡಿ ಮೆಚ್ಚಬೇಡಿ. ತುದಿ ನೋಡಿ. ಗೋಡೆಯೊಳಗೆ ಹೂತಿರುವ ಆ ಒಂದು ಗೇಣು ಜಾಗದಲ್ಲಿ ಗಾಳಿ ಆಡುವುದಿಲ್ಲ, ಗೋಡೆಯ ತೇವವನ್ನೆಲ್ಲ ಮರ ಕುಡಿಯುತ್ತದೆ. ಮರದ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆಸುವ ಶಿಲೀಂಧ್ರ ಬೆಳೆಯಲು ದಾರಿಯಾಗುತ್ತದೆ. ಹೊರಗಿನಿಂದ ಪಾಲಿಶ್ ಮಿಂಚುತ್ತಿರುತ್ತದೆ, ತುದಿಗೆ ದಬ್ಬಳ ಚುಚ್ಚಿದರೆ ಹಿಡಿಯವರೆಗೆ ಒಳಗೆ ಹೋಗುತ್ತದೆ. ಗೆದ್ದಲಿನ ಮಣ್ಣಿನ ಗೆರೆ ಕೂಡ ಇಂಥ ಮೂಲೆಯಲ್ಲೇ ಹತ್ತುವುದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಗೋಡೆಗೆ ಆಮೇಲೆ ಯಾರಾದರೂ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದರೆ ತೇವ ಹೊರಗೆ ಆರಲು ದಾರಿ ಇರುವುದಿಲ್ಲ, ತೊಲೆಯ ತುದಿಗೆ ಇನ್ನಷ್ಟು ಕೇಡು.

ವೈರಿಂಗಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯಾ, ಇಲ್ಲಾ ಮೂರು ತೂತಿನ ಸಾಕೆಟ್ ಮಾತ್ರ ಇದೆಯಾ, ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಒಳಗೆ ತುಕ್ಕು ಕಟ್ಟಿದೆಯಾ, ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಎಲ್ಲಾದರೂ ಇದೆಯಾ, ಇವನ್ನೂ ನೋಡಿಸಿ. ಕಲ್ನಾರು ಇದ್ದರೆ ಒಡೆಯಬೇಡಿ, ಕೊರೆಯಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ವರದಿ ತರಿಸಿ ಬೀರುವಿನಲ್ಲಿ ಇಡುವವರನ್ನೂ ನೋಡಿದ್ದೇನೆ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡಿನಲ್ಲಿ 1981ರಲ್ಲಿ ಕಟ್ಟಿದ 12 ಮಹಡಿಯ ವಸತಿ ಕಟ್ಟಡ ಇತ್ತು, ಶಾಂಪ್ಲೇನ್ ಟವರ್ಸ್ ಸೌತ್. 2018ರಲ್ಲೇ ಒಬ್ಬ ಎಂಜಿನಿಯರ್ ವರದಿ ಕೊಟ್ಟಿದ್ದರು. ಈಜುಕೊಳದ ಅಂಗಳದ ಹಾಸಿನಲ್ಲಿ ನೀರು ಹರಿದು ಹೋಗಲು ಇಳಿಜಾರೇ ಇಲ್ಲ, ನೀರು ನಿಂತು ಕೆಳಗಿನ ಕಾಂಕ್ರೀಟ್ ಹಾಳಾಗಿದೆ ಅಂತ ಬರೆದಿದ್ದರು. ಖರ್ಚಿನ ಚರ್ಚೆಯಲ್ಲಿ ವರ್ಷಗಳು ಕಳೆದವು. ಕಾಂಕ್ರೀಟಿನ ದೊಡ್ಡ ರಿಪೇರಿ ಇನ್ನೂ ಶುರುವಾಗಿರಲಿಲ್ಲ. 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಕಟ್ಟಡದ ಒಂದು ಭಾಗ ಕುಸಿಯಿತು. ಮಲಗಿದ್ದವರು ಮಲಗಿದ್ದಲ್ಲೇ ಹೋದರು. 98 ಜನ. ನಿಮ್ಮ ಮನೆ ಹೀಗೇ ಬೀಳುತ್ತದೆ ಅಂತ ಹೆದರಿಸುತ್ತಿಲ್ಲ. ನಾನು ಸಮೀಕ್ಷೆ ಮಾಡಿದ ಹಳೇ ಮನೆಗಳಲ್ಲಿ ಬಹುಪಾಲು ರಿಪೇರಿಗೆ ಬಗ್ಗುವಂಥವೇ. ಆದರೆ ಅಂಥ ಒಂದು ವರದಿಯನ್ನು ಓದಿದ ಮೇಲೆ ರಿಪೇರಿಯನ್ನು ಮುಂದಕ್ಕೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಖರ್ಚು ಜಾಸ್ತಿ ಅಂತೀರಾ? ಮನೆಯ ಬೆಲೆ ಒಂದು ಕಡೆ ಇಡಿ, ಸಮೀಕ್ಷೆಯ ಖರ್ಚು ಒಂದು ಕಡೆ ಇಡಿ, ಸೂರು ಬಿಚ್ಚಿ ಹೊಸದಾಗಿ ಹಾಕಿಸುವ ಖರ್ಚು ಇನ್ನೊಂದು ಕಡೆ ಇಡಿ. ಈ ಮಾತಿಗೆ ಇದಕ್ಕಿಂತ ಹೆಚ್ಚು ಉತ್ತರ ನನ್ನ ಹತ್ತಿರ ಇಲ್ಲ.

ವರದಿ ಕೈಗೆ ಬಂದಾಗ ಮೊದಲು "ನೋಡಲಾಗದ ಭಾಗಗಳು" ಅನ್ನುವ ಪುಟ ತೆಗೆಯಿರಿ. ಎಲ್ಲರೂ ಬಿಟ್ಟುಬಿಡುವ ಪುಟ ಅದು. ಅಟ್ಟಕ್ಕೆ ಬೀಗ ಇತ್ತು, ಬೀರು ಅಡ್ಡ ಇತ್ತು, ಫಾಲ್ಸ್ ಸೀಲಿಂಗ್ ಬಿಚ್ಚಲು ಒಪ್ಪಲಿಲ್ಲ ಅಂತೆಲ್ಲ ಅಲ್ಲಿ ಬರೆದಿರುತ್ತಾರೆ. ಆ ಜಾಗಗಳನ್ನು ತೆಗೆಸಿ ಮತ್ತೊಮ್ಮೆ ತೋರಿಸಿ. ಮಾರುವವರ ಹತ್ತಿರ ಎರಡು ಕಡೆ ಗಾರೆ ತೆಗೆದು ನೋಡಲು ಅನುಮತಿ ಕೇಳಿ, ಮುಚ್ಚಿಸಿ ಕೊಡುತ್ತೇವೆ ಅಂತ ಬರೆದೇ ಕೊಡಿ. ವರದಿಯಲ್ಲಿ ಫೋಟೋ ಇರಲಿ, ಯಾವ ಕೋಣೆಯ ಯಾವ ಮೂಲೆ ಅಂತ ಗುರುತು ಇರಲಿ, ಯಾವುದು ಈಗಲೇ ಆಗಬೇಕು, ಯಾವುದು ಒಂದೆರಡು ವರ್ಷದಲ್ಲಿ, ಯಾವುದರ ಮೇಲೆ ಸುಮ್ನೆ ಕಣ್ಣಿಟ್ಟರೆ ಸಾಕು ಅಂತ ಬಿಡಿಸಿ ಬರೆದಿರಲಿ. ಹಾಗೆ ಬರೆದಿಲ್ಲದಿದ್ದರೆ ವಾಪಸ್ ಕಳಿಸಿ ಬರೆಸಿಕೊಳ್ಳಿ, ಅದಕ್ಕೇ ನೀವು ದುಡ್ಡು ಕೊಟ್ಟಿರುವುದು.

ನಿಮ್ಮಲ್ಲಿ ಯಾರಾದರೂ ಈಗ ಹಳೇ ಮನೆ ನೋಡುತ್ತಿದ್ದರೆ, ವರದಿ ಓದಿ ಅರ್ಥವಾಗದಿದ್ದರೆ, ನನಗೆ ಕಳಿಸಿ. ಕೂತು ಓದಿ ಹೇಳುತ್ತೇನೆ. ಅಡ್ವಾನ್ಸ್ ಕೊಡುವ ಮುಂಚೆ ಕಳಿಸಿ.