ನಾನು ಸಾಕಿದ ಹದ್ದು

ಆಸ್ಟ್ರೇಲಿಯಾದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ನಮ್ಮ ಸಂಸಾರ. ಈ ಕಡೆ ಅಡಿಲೇಡ್, ಆ ಕಡೆ ಡಾರ್ವಿನ್. ಎರಡೂ ಹೆಚ್ಚುಕಡಿಮೆ 1500 ಕಿಲೋಮೀಟರ್. ಭಾನುವಾರ ಹೋಗಿ ಕಾಫಿ ಕುಡಿದು ಬರೋಣ ಅಂದರೆ ಒಂದು ನೆಂಟರ ಮನೆಯೂ ಇಲ್ಲ. ಊರಲ್ಲಿ ಟಾಡ್ ಅಂತ ಒಂದು ನದಿಯಿದೆ. ಇಳಿದರೆ ಕಾಲು ಒದ್ದೆಯಾಗುವುದಿಲ್ಲ, ಚಪ್ಪಲಿಗೆ ಮರಳು ಸೇರುತ್ತದೆ. ವರ್ಷಕ್ಕೊಮ್ಮೆ ಅಲ್ಲಿ ದೋಣಿ ಸ್ಪರ್ಧೆ ಬೇರೆ! ತಳವಿಲ್ಲದ ದೋಣಿಯನ್ನು ಸೊಂಟದ ಮಟ್ಟಕ್ಕೆ ಹಿಡಿದುಕೊಂಡು ಮರಳಲ್ಲಿ ಓಡುತ್ತಾರೆ. 1993ರಲ್ಲಿ ನದಿಗೆ ನೀರು ಬಂದುಬಿಟ್ಟು ಸ್ಪರ್ಧೆ ರದ್ದಾಯಿತಂತೆ. ಇಂಥ ಊರಲ್ಲಿ ಮನುಷ್ಯ ಕ್ಯಾಮೆರಾ ಕೊಳ್ಳದೆ ಇನ್ನೇನು ಮಾಡಬೇಕು?

ಕೊಂಡೆ. ಜೊತೆಗೆ ಎರಡು ಲೆನ್ಸು, ಒಂದು ಟ್ರೈಪಾಡು. ಹೆಂಡತಿ ಬೆಲೆ ಕೇಳಿದಳು. ಅರ್ಧ ಹೇಳಿದೆ.

ಮೊದಲ ಸವಾರಿ ಉಲುರು ಬಂಡೆಗೆ. ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್, ಇಲ್ಲಿಯವರ ಲೆಕ್ಕದಲ್ಲಿ ಪಕ್ಕದೂರು. ದಾರಿಯಲ್ಲಿ ಒಂದು ಕಾಂಗರೂ ಕಂಡಿತು. ಕಾರನ್ನು ರಸ್ತೆ ಬದಿಯ ಮಣ್ಣಿಗೆ ಇಳಿಸಿ, ಸಣ್ಣ ಲೆನ್ಸ್ ಬಿಚ್ಚಿದೆ. ದೊಡ್ಡದರ ಮುಚ್ಚಳ ಬರಲಿಲ್ಲ. ತಿರುಗಿಸಿದೆ, ಎಳೆದೆ, ಹಲ್ಲಲ್ಲೂ ಕಚ್ಚಿದೆ. ಅಷ್ಟು ಹೊತ್ತೂ ಕ್ಯಾಮೆರಾ ಬಾಯಿ ತೆರೆದುಕೊಂಡೇ ಇತ್ತು. ಆಗಲೇ ಒಂದು ರೋಡ್ ಟ್ರೈನ್ ಹಾದುಹೋಯಿತು. ರೋಡ್ ಟ್ರೈನ್ ಅಂದರೆ ಮೂರ್ನಾಲ್ಕು ಟ್ರೈಲರ್ ಎಳೆಯುವ ಲಾರಿ, ಉದ್ದ 53.5 ಮೀಟರ್ ತನಕ ಇರಬಹುದು. ಮುಂಭಾಗ ಹೋದ ಮೇಲೂ ಲಾರಿ ಹೋಗುತ್ತಲೇ ಇರುತ್ತದೆ. ಅದು ಎಬ್ಬಿಸಿದ ಧೂಳು ಇಳಿದಾಗ ನನ್ನ ಬಿಳಿ ಅಂಗಿ ಕಾವಿಯಾಗಿತ್ತು. ಹಬ್ಬದ ದಿನ ಅಮ್ಮ ಹೊಸಿಲ ಮುಂದೆ ಕೆಮ್ಮಣ್ಣು ಬಳಿಯುತ್ತಾಳಲ್ಲ, ಅದೇ ಬಣ್ಣ. ಕಾಂಗರೂ ಹೋಗಿತ್ತು. ಬಾಲದ ಫೋಟೋ ಇದೆ, ಬೇಕಾದರೆ ತೋರಿಸುತ್ತೇನೆ.

ಸಂಜೆ ಉಲುರು ಮುಂದೆ ಟ್ರೈಪಾಡ್‌ಗಳ ಸಾಲು. ಬಂಡೆಯ ಎತ್ತರ 348 ಮೀಟರ್, ಸುತ್ತು ಬರೋಬ್ಬರಿ 9.4 ಕಿಲೋಮೀಟರ್. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿದೆ. ಸೂರ್ಯ ಇಳಿದಂತೆ ಆ ಕೆಂಪು ಕೆಂಡವಾಗುತ್ತದೆ. ನಾನು ಒಂದು ಕೈಯಲ್ಲಿ ನೊಣ ಓಡಿಸುತ್ತಾ, ಇನ್ನೊಂದರಲ್ಲಿ ಬಟನ್ ಒತ್ತುತ್ತಾ ನಿಂತೆ. ಇಲ್ಲಿನ ನೊಣಕ್ಕೆ ಪುಳಿಯೋಗರೆಗಿಂತ ನಮ್ಮ ಕಣ್ಣು, ಮೂಗೇ ಇಷ್ಟ. ಮುಖಕ್ಕೆ ಬಲೆ ಹಾಕಿಕೊಂಡವರನ್ನು ನೋಡಿ ಬೆಳಿಗ್ಗೆ ನಕ್ಕಿದ್ದೆ. ಸಂಜೆ ಎರಡು ನೊಣ ನುಂಗಿದೆ.

ಫೋಟೋವನ್ನು ಮಧುಗಿರಿಯಲ್ಲಿರುವ ಅಮ್ಮನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಇದು ನಮ್ಮ ಮಧುಗಿರಿ ಬೆಟ್ಟದ ಥರಾನೇ ಇದೆಯಲ್ಲೋ. ಒಂದೇ ಕಲ್ಲು. ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ?"

ಉತ್ತರ ಹುಡುಕುವಷ್ಟರಲ್ಲಿ, "ಮೇಲೆ ಎಡಗಡೆ ಹಾರ್ತಿರೋದು ಹದ್ದಾ?" ಎಂದಳು.

ನೋಡಿದೆ. ಆಕಾಶದಲ್ಲಿ ಒಂದು ಕಪ್ಪು ಚುಕ್ಕೆ. "ಹೂಂ, ಹದ್ದು. ಕಾದು ಕೂತು ಹಿಡಿದೆ," ಎಂದೆ.

ಮರುದಿನ ಕಾಟಾ ಜುಟಾ ಗುಡ್ಡಗಳಿಗೆ ಹೋದೆವು. ಅಲ್ಲೂ ಮೇಲೆ ಎಡಗಡೆ ಅದೇ ಹದ್ದು. ವಾಪಸ್ ಬಂದು ಟಾಡ್ ನದಿಯ ಫೋಟೋ ತೆಗೆದೆ, ಅಲ್ಲೂ ಹಾಜರು. "ಪಾಪ, ನಿಮ್ಮ ಹಿಂದೇನೇ ಬರ್ತಿದೆ ಕಣೋ," ಎಂದಳು ಅಮ್ಮ. ಹೆಂಡತಿ ಮಾತ್ರ ಹತ್ತಿರದಿಂದ ನೋಡಿ, "ರೀ, ಇದು ರೆಕ್ಕೆ ಬಡಿಯೋದೇ ಇಲ್ವಲ್ಲ," ಎಂದಳು.

ಲೆನ್ಸ್ ಒರೆಸಿದೆ. ಪಂಚೆಯಲ್ಲಿ ಮತ್ತೆ ಒರೆಸಿದೆ. ಹೋಗಲಿಲ್ಲ. ಹೋಗುವುದಾದರೂ ಹೇಗೆ? ಧೂಳು ಕೂತಿರುವುದು ಕ್ಯಾಮೆರಾ ಒಳಗೆ, ಚಿತ್ರ ಹಿಡಿಯುವ ಸೆನ್ಸರ್ ಮೇಲೆ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಅಗಲ ಮಾಡಿದರೆ ಹದ್ದು ಕರಗಿ ಮಾಯ. ಎಫ್ 16 ಎಂಬ ಸಣ್ಣ ಅಳತೆಗೆ ಕಿರಿದು ಮಾಡಿದರೆ ಕೊಕ್ಕೊಂದು ಬಾಕಿ. ಬೆಟ್ಟಗುಡ್ಡ ತೆಗೆಯುವಾಗ ಕಿರಿದು ಮಾಡಬೇಕು ಅಂತ ಎಲ್ಲೋ ಓದಿ ಅದನ್ನೇ ನಿಷ್ಠೆಯಿಂದ ಪಾಲಿಸುತ್ತಿದ್ದೆ. ಅರ್ಧ ಓದಿದವರ ಪಾಡೇ ಇಷ್ಟು. ಗಾಳಿ ಊದುವ ರಬ್ಬರ್ ಬುಡ್ಡಿ ಸಿಗುತ್ತದೆ, ಅದರಲ್ಲಿ ಊದಬೇಕಿತ್ತು. ನಾನು ಅಜ್ಜಿ ಒಲೆ ಊದಿದ ಹಾಗೆ ಬಾಯಿಂದಲೇ ಊದಿದೆ. ಎಂಜಲು ಹಾರಿತು. ಮುಂದಿನ ಫೋಟೋದಲ್ಲಿ ಹದ್ದಿನ ಪಕ್ಕ ಎರಡು ಮರಿ!

ಅಮ್ಮನಿಗೆ ಬಹಳ ಖುಷಿಯಾಯಿತು.

ಮತ್ತೆ ಉಲುರಿಗೆ ಹೋದಾಗ ಬಂಡೆಯ ಬುಡದಲ್ಲಿ ಸುತ್ತಿದೆವು. ಅದು ಅನಂಗು ಜನರ ನೆಲ. ಅವರಿಗೆ ಪವಿತ್ರವಾದ ಕೆಲವು ಕಡೆ ಫೋಟೋ ತೆಗೆಯಬೇಡಿ ಎಂದು ಫಲಕ ಹಾಕಿದ್ದಾರೆ. ಕ್ಯಾಮೆರಾ ಚೀಲಕ್ಕೆ ಹಾಕಿ ಸುಮ್ನೆ ನಡೆದೆ. ಇಡೀ ಪ್ರವಾಸದಲ್ಲಿ ನನ್ನ ಹದ್ದು ಹಾರದೇ ಉಳಿದ ಆಕಾಶ ಅದೊಂದೇ.

ವಾಪಸ್ ಬರುವಾಗ, ರಸ್ತೆ ಪಕ್ಕ ವಾಹನಕ್ಕೆ ಸಿಕ್ಕಿ ಸತ್ತ ಕಾಂಗರೂ ಮೇಲೆ ಅಸಲಿ ಹದ್ದು ಕೂತಿತ್ತು. ಬೆಣೆಯಾಕಾರದ ಬಾಲದ ಹದ್ದು, ಈ ದೇಶದ ಅತಿ ದೊಡ್ಡ ಬೇಟೆ ಹಕ್ಕಿ. ಬಿಚ್ಚಿದ ರೆಕ್ಕೆಯ ಅಗಲ ಎರಡು ಮೀಟರಿಗೂ ಜಾಸ್ತಿ. ಕಾರು ನಿಲ್ಲಿಸಿದೆ. ಲೆನ್ಸ್ ಬದಲಿಸುವ ಸಾಹಸ ಮಾಡಲಿಲ್ಲ. ಅದು ಭಾರವಾಗಿ ಎದ್ದು ಬಲಗಡೆಗೆ ಹಾರಿತು. ಕ್ಲಿಕ್ಕಿಸಿದೆ. ಚೆನ್ನಾಗಿ ಬಂತು ಕಣ್ರೀ, ನಿಜವಾಗಲೂ.

ಅಮ್ಮನಿಗೆ ಕಳಿಸಿ ಕಾದೆ. ಫೋನ್ ಬಂತು.

"ಅಂತೂ ಬಂತಲ್ಲೋ ಗಂಡುಹದ್ದು! ಇಷ್ಟು ದಿನ ಹೆಂಡತಿ ಮಕ್ಕಳನ್ನ ಬಿಟ್ಟು ಎಲ್ಲಿ ಅಲೀತಿತ್ತೋ. ಅದೂ ಕ್ಯಾಮೆರಾ ತಗೊಂಡಿತ್ತೇನೋ."