ತಲೆಗೆ ಪೆಟ್ಟಾದಾಗ ಸ್ಕೋರ್ ಒಂದೇ ಸಾಲದು

ಬೈಕಿನಿಂದ ಬಿದ್ದವರು ಎದ್ದು ಕೂತು ಮಾತಾಡಿದರೆ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ. 'ಏನೂ ಆಗಿಲ್ಲ, ಚೆನ್ನಾಗಿ ಮಾತಾಡ್ತಿದ್ದಾನೆ' ಅಂತ ಊರಿಗೆಲ್ಲ ಫೋನ್ ಹೋಗುತ್ತದೆ. ನನಗೆ ಭಯ ಇರುವುದು ಈ ಸಮಾಧಾನದ ಬಗ್ಗೆಯೇ.

ಎಮರ್ಜೆನ್ಸಿಯಲ್ಲಿ ಗ್ಲಾಸ್ಗೋ ಕೋಮಾ ಸ್ಕೇಲ್ ಅಂತ ಒಂದು ಲೆಕ್ಕ ಹಾಕುತ್ತಾರೆ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಗ್ಲಾಸ್ಗೋದಲ್ಲಿ ರೂಪಿಸಿದ್ದು. ಈಗಿನ ಲೆಕ್ಕದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. 13ರಿಂದ 15 ಬಂದರೆ ಸಣ್ಣ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ. ತುಂಬಾ ಉಪಯೋಗದ ಲೆಕ್ಕ. ಆದರೆ ಅದು ಹೇಳುವುದು ಈ ಗಳಿಗೆಯಲ್ಲಿ ರೋಗಿಗೆ ಎಷ್ಟು ಎಚ್ಚರವಿದೆ ಎಂದು ಮಾತ್ರ. ತಲೆಯೊಳಗೆ ಏನಾಗಿದೆ ಅನ್ನುವುದು ಬೇರೆ ಪ್ರಶ್ನೆ.

ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವವನ್ನೇ ನೋಡಿ. ಕಣತಲೆಯ ಹತ್ತಿರ ಮೂಳೆ ಬಿರುಕು ಬಿಟ್ಟು ಅದರ ಕೆಳಗಿನ ರಕ್ತನಾಳ ಹರಿಯುತ್ತದೆ. ಮೂಳೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ತುಂಬುತ್ತದೆ. ಕೆಲವರು ಸ್ವಲ್ಪ ಹೊತ್ತು ಎಚ್ಚರ ತಪ್ಪಿ, ಮತ್ತೆ ಎದ್ದು, ಸರಿಯಾಗಿಯೇ ಮಾತಾಡುತ್ತಾರೆ. ಆಗ ಸ್ಕೋರ್ 15 ಇರಬಹುದು. ಕೆಲವೇ ಗಂಟೆಗಳಲ್ಲಿ ಒತ್ತಡ ಏರಿ ಪ್ರಾಣಕ್ಕೇ ಬರುತ್ತದೆ. ನಟಿ ನತಾಶಾ ರಿಚರ್ಡ್‌ಸನ್ 2009ರಲ್ಲಿ ಕೆನಡಾದಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದು, ಮೊದಲು ಆರಾಮಾಗಿಯೇ ಇದ್ದು, ಆಮೇಲೆ ತೀರಿಕೊಂಡದ್ದು ಇದರಿಂದಲೇ. ಸಮಯಕ್ಕೆ ಸರಿಯಾಗಿ ಆಪರೇಷನ್ ಆದರೆ ಇಂಥವರು ಪೂರ್ತಿ ಚೇತರಿಸಿಕೊಳ್ಳಬಹುದು. ಅದಕ್ಕೇ ಹೊಟ್ಟೆ ಉರಿಯುವುದು.

ವಯಸ್ಸಾದವರ ಕಥೆ ಇನ್ನೊಂದು. ಬಚ್ಚಲಲ್ಲಿ ಜಾರಿ ಬಿದ್ದಿರುತ್ತಾರೆ, ಎಲ್ಲರೂ ಮರೆತಿರುತ್ತಾರೆ. ವಾರಗಳು ಕಳೆದ ಮೇಲೆ ನಡಿಗೆ ತಪ್ಪುತ್ತದೆ, ಮರೆವು ಜಾಸ್ತಿಯಾಗುತ್ತದೆ. ವಯಸ್ಸಾಯ್ತಲ್ವಾ ಅಂತ ಸುಮ್ನಾಗುತ್ತೇವೆ. ಒಳಗೆ ಸಬ್‌ಡ್ಯೂರಲ್ ರಕ್ತ, ಅಂದರೆ ಮೆದುಳಿನ ಹೊರಪೊರೆಯ ಕೆಳಗೆ ತುಂಬುವ ರಕ್ತ, ನಿಧಾನಕ್ಕೆ ಸೇರಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಇದಕ್ಕೆ ತದ್ವಿರುದ್ಧವಾದ್ದೂ ಇದೆ: ಮೆದುಳಿನ ನರತಂತುಗಳೇ ಅಲ್ಲಲ್ಲಿ ಹರಿದು ರೋಗಿ ಕಣ್ಣೇ ಬಿಡುವುದಿಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಮಾತ್ರ ಹೆಚ್ಚೇನೂ ಕಾಣುವುದಿಲ್ಲ.

2025ರಲ್ಲಿ ತಜ್ಞರ ದೊಡ್ಡ ತಂಡವೊಂದು ಹೊಸ ವಿಂಗಡಣೆ ಮುಂದಿಟ್ಟಿದೆ. ಸ್ಕೋರ್ ಜೊತೆಗೆ ಮೆದುಳಿಗೆ ಪೆಟ್ಟಾದ ಸುಳಿವು ಕೊಡುವ ರಕ್ತ ಪರೀಕ್ಷೆ, ಸ್ಕ್ಯಾನ್, ರೋಗಿಯ ಹಿನ್ನೆಲೆ ಎಲ್ಲವನ್ನೂ ಸೇರಿಸಿ ನೋಡಬೇಕು ಅನ್ನುತ್ತದೆ. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ. ಆದರೆ ಆ ರಕ್ತ ಪರೀಕ್ಷೆ ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವ ತನಕ ಕಾಯಬೇಕಾಗಿಲ್ಲ. ಮನೆಗೆ ಕಳಿಸುವ ಪ್ರತಿ ರೋಗಿಯ ಕಡೆಯವರ ಕೈಗೂ ಕನ್ನಡದಲ್ಲಿ ಒಂದು ಚೀಟಿ ಕೊಡಲಿ. ತಲೆನೋವು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಫಿಟ್ಸ್ ಬಂದರೆ ನಡುರಾತ್ರಿಯಾದರೂ ವಾಪಸ್ ಕರೆತನ್ನಿ ಅಂತ ಅದರಲ್ಲಿ ದಪ್ಪ ಅಕ್ಷರದಲ್ಲಿ ಇರಲಿ.